ಬೂಟ್ ಆಗದ ಪೆನ್‌ಡ್ರೈವ್: ದೋಷ ಯಾವ ಹಂತದಲ್ಲಿದೆ ಎಂದು ಪತ್ತೆಹಚ್ಚುವ ಕ್ರಮ

ವಿಂಡೋಸ್ ಅಥವಾ ಲಿನಕ್ಸ್ ಹಾಕಲೆಂದು ಸಿದ್ಧಪಡಿಸಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಆಗದಿದ್ದರೆ ಹೆಚ್ಚಿನವರು ಅದೇ ಐಎಸ್‌ಒ ಕಡತವನ್ನು (ಆಪರೇಟಿಂಗ್ ಸಿಸ್ಟಂನ ಇನ್‌ಸ್ಟಾಲ್ ಕಡತಗಳೆಲ್ಲ ಒಂದಾಗಿರುವ ಕಡತ) ಅದೇ ಪೆನ್‌ಡ್ರೈವ್‌ಗೆ ಮತ್ತೊಮ್ಮೆ ಬರೆಯುತ್ತಾರೆ. ಅದೂ ಫಲಿಸದಿದ್ದರೆ ಯಂತ್ರ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶವಾದ ಬಯಾಸ್ ತೆರೆದು ಕಣ್ಣಿಗೆ ಬಿದ್ದ ಸೆಟ್ಟಿಂಗುಗಳನ್ನೆಲ್ಲ ಬದಲಿಸತೊಡಗುತ್ತಾರೆ. ಹೀಗೆ ಮಾಡಿದಾಗ ಮೊದಲಿದ್ದ ಒಂದು ದೋಷಕ್ಕೆ ಇನ್ನೆರಡು ಸೇರಿಕೊಂಡು ಮೂಲ ಕಾರಣ ಮುಚ್ಚಿಹೋಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ, ಉಡುಪಿ ಜಿಲ್ಲೆಯ ಶಾಲೆಗಳ ಕಂಪ್ಯೂಟರ್ ಕೊಠಡಿ, ಸಹಕಾರಿ ಸಂಘದ ಕಚೇರಿ, ಪೇಟೆಯ ಸಣ್ಣ ಅಂಗಡಿ ಮುಂತಾದ ಕಡೆಗಳಲ್ಲಿ ಹಳೆಯ ಯಂತ್ರಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವ ಕೆಲಸ ಹೆಚ್ಚಿದೆ. ಅಲ್ಲಿ ಈ ಕೆಲಸಕ್ಕೆ ಪೂರ್ಣಕಾಲಿಕ ತಂತ್ರಜ್ಞರಿರುವುದು ಅಪರೂಪ. ಕಂಪ್ಯೂಟರ್ ಬಗ್ಗೆ ಸ್ವಲ್ಪ ಗೊತ್ತಿರುವ ಶಿಕ್ಷಕರೋ ಗುಮಾಸ್ತರೋ ಅದನ್ನು ಮಾಡಬೇಕಾಗುತ್ತದೆ. ಈ ಬರಹ ಅವರಿಗಾಗಿ.

ನಾನು ಇಲ್ಲಿ ಒತ್ತಿ ಹೇಳುವುದು ಒಂದೇ ಮಾತು: ಯಾವುದನ್ನೂ ಬದಲಿಸುವ ಮೊದಲು ದೋಷ ಪೆನ್‌ಡ್ರೈವ್‌ನಲ್ಲಿದೆಯೋ ಕಂಪ್ಯೂಟರಿನಲ್ಲಿದೆಯೋ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಮೊದಲ ಪರೀಕ್ಷೆ

ಪೆನ್‌ಡ್ರೈವನ್ನು ಹಾಗೆಯೇ, ಏನನ್ನೂ ಬದಲಿಸದೆ, ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ಬೂಟ್ ಮಾಡಿ ನೋಡಬೇಕು. ಅಲ್ಲಿ ಇನ್‌ಸ್ಟಾಲ್ ಮಾಡುವ ಮೊದಲ ಪರದೆ ಬಂದರೆ ಪೆನ್‌ಡ್ರೈವ್ ಬಹುಮಟ್ಟಿಗೆ ಸರಿಯಿದೆ ಎಂದರ್ಥ. ಆ ಪರದೆಯಿಂದ ಮುಂದಕ್ಕೆ ಹೋಗದೆ ಅಲ್ಲಿಯೇ ಯಂತ್ರವನ್ನು ಆಫ್ ಮಾಡಿದರೆ ಆ ಕಂಪ್ಯೂಟರಿನ ಡಿಸ್ಕಿಗೆ ಯಾವ ಅಪಾಯವೂ ಇಲ್ಲ. ಅಲ್ಲಿಯೂ ಬರದಿದ್ದರೆ ಸಂಶಯವನ್ನು ಪೆನ್‌ಡ್ರೈವ್ ಮೇಲೆ, ಅದಕ್ಕೆ ಬರೆದ ಕಡತದ ಮೇಲೆ ಅಥವಾ ಬರೆದ ವಿಧಾನದ ಮೇಲೆ ಇಡಬೇಕು.

ಈ ಪರೀಕ್ಷೆ ದಾರಿ ತಪ್ಪಿಸುವ ಸಂದರ್ಭವೊಂದಿದೆ. ಎರಡೂ ಕಂಪ್ಯೂಟರುಗಳು ಬೂಟ್ ಆಗುವ ರೀತಿ ಒಂದೇ ಆಗಿರಬೇಕು. ಹೊಸ ಯಂತ್ರಗಳು ಯುಇಎಫ್‌ಐ ವಿಧಾನದಲ್ಲಿ ಬೂಟ್ ಆಗುತ್ತವೆ, ಹಳೆಯವು ಲೆಗಸಿ ಬಯಾಸ್ ವಿಧಾನದಲ್ಲಿ. ಜಿಪಿಟಿ ಎಂಬ ಹೊಸ ಡಿಸ್ಕ್ ವಿಭಜನಾ ಕ್ರಮದೊಂದಿಗೆ ಯುಇಎಫ್‌ಐಗಾಗಿಯೇ ಸಿದ್ಧಪಡಿಸಿದ ವಿಂಡೋಸ್ ಪೆನ್‌ಡ್ರೈವನ್ನು ಲೆಗಸಿ ಯಂತ್ರದಲ್ಲಿ ಪರೀಕ್ಷಿಸಿದರೆ, ಪೆನ್‌ಡ್ರೈವ್ ಎಷ್ಟೇ ಚೆನ್ನಾಗಿದ್ದರೂ ಬೂಟ್ ಆಗುವುದಿಲ್ಲ. ವಿಂಡೋಸ್ ಇರುವ ಯಂತ್ರದಲ್ಲಿ ‘ಸಿಸ್ಟಂ ಇನ್ಫರ್ಮೇಶನ್’ ತೆರೆದರೆ ‘ಬಯಾಸ್ ಮೋಡ್’ ಎಂಬ ಸಾಲಿನಲ್ಲಿ ‘ಯುಇಎಫ್‌ಐ’ ಎಂದೋ ‘ಲೆಗಸಿ’ ಎಂದೋ ಇರುತ್ತದೆ. ಅದನ್ನು ನೋಡಿಕೊಂಡೇ ಪರೀಕ್ಷೆಯ ಯಂತ್ರವನ್ನು ಆರಿಸಬೇಕು.

ಡೌನ್‌ಲೋಡ್ ಆದ ಐಎಸ್‌ಒ ಕಡತ

ಕರಾವಳಿಯಲ್ಲಿ ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಮತ್ತು ಮಳೆಗಾಲ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಸಿಡಿಲು ಶುರುವಾದೊಡನೆ ಮೋಡೆಮ್‌ನ ಪ್ಲಗ್ ಕಿತ್ತಿಡುವುದು ಎಲ್ಲರ ಮನೆಯ ರೂಢಿ. ಅದು ಸರಿಯಾದ ರೂಢಿಯೇ. ಆದರೆ 5 ಅಥವಾ 6 ಜಿಬಿಯ ಕಡತ ಅರ್ಧ ಇಳಿದಿರುವಾಗ ಸಂಪರ್ಕ ಕಡಿದು, ಮತ್ತೆ ಮುಂದುವರಿಸಿದಾಗ ಕಡತ ಪೂರ್ತಿ ಇಳಿದಂತೆ ಕಂಡರೂ ಒಳಗೆ ಕೆಟ್ಟಿರುವ ಸಾಧ್ಯತೆ ಇರುತ್ತದೆ. ಕಡತದ ಗಾತ್ರ ಹೊಂದಿಕೆಯಾದ ಮಾತ್ರಕ್ಕೆ ಕಡತ ಸರಿಯಿದೆ ಎಂದು ನಂಬಬಾರದು.

ಕಡತವನ್ನು ಬಿಡುಗಡೆ ಮಾಡುವವರು ಅದರೊಂದಿಗೆ ಎಸ್‌ಎಚ್‌ಎ 256 ಎಂಬ ಚೆಕ್‌ಸಮ್ ಅನ್ನೂ ಪ್ರಕಟಿಸುತ್ತಾರೆ. ಅದು ಕಡತದ ಒಳಗಿನ ಮಾಹಿತಿಯಿಂದ ಲೆಕ್ಕಹಾಕಿದ, ಅಂಕಿಗಳೂ ಅಕ್ಷರಗಳೂ ಸೇರಿದ 64 ಚಿಹ್ನೆಗಳ ಒಂದು ಸಾಲು. ವಿಂಡೋಸಿನ ಪವರ್‌ಶೆಲ್‌ನಲ್ಲಿ ‘ಗೆಟ್ ಫೈಲ್‌ಹ್ಯಾಶ್’ ಆದೇಶ, ಲಿನಕ್ಸಿನಲ್ಲಿ ‘ಎಸ್‌ಎಚ್‌ಎ 256 ಸಮ್’ ಆದೇಶ ಬಳಸಿ ನಮ್ಮಲ್ಲಿರುವ ಕಡತದ ಚೆಕ್‌ಸಮ್ ತೆಗೆಯಬಹುದು. ಎರಡು ಸಾಲುಗಳಲ್ಲಿ ಒಂದು ಚಿಹ್ನೆ ಬೇರೆಯಾಗಿದ್ದರೂ ಆ ಕಡತವನ್ನು ಬದಿಗಿಟ್ಟು ಹೊಸದಾಗಿ ಇಳಿಸಿಕೊಳ್ಳಬೇಕು. ಎರಡು ನಿಮಿಷದ ಈ ಕೆಲಸವನ್ನು ಬಿಟ್ಟವರು ಮುಂದಿನ ಹಂತಗಳಲ್ಲಿ ಅರ್ಧ ದಿನ ಹುಡುಕಾಡುವುದನ್ನು ನೋಡಿದ್ದೇನೆ. ಕಡತವನ್ನು ತಯಾರಕರ ಅಧಿಕೃತ ತಾಣದಿಂದಲೇ ಇಳಿಸಬೇಕು. ಯಾರೋ ಕೊಟ್ಟ ‘ಆ್ಯಕ್ಟಿವೇಟ್ ಆಗಿರುವ’ ವಿಂಡೋಸ್ ಕಡತಕ್ಕೆ ಹೋಲಿಸಿ ನೋಡಲು ನಂಬಲರ್ಹ ಚೆಕ್‌ಸಮ್ ಎಂಬುದೇ ಇರುವುದಿಲ್ಲ, ಕಚೇರಿಯ ಲೆಕ್ಕಪತ್ರ ಇರುವ ಯಂತ್ರಕ್ಕೆ ಅದನ್ನು ಹಾಕಲೇಬಾರದು.

ಬರೆಯುವ ವಿಧಾನ ಮತ್ತು 4 ಜಿಬಿಯ ಗಡಿ

ಹೊಸಬರಲ್ಲಿ ತುಂಬಾ ಸಾಮಾನ್ಯವಾದ ತಪ್ಪೆಂದರೆ ಐಎಸ್‌ಒ ಕಡತವನ್ನು ಇತರ ಕಡತಗಳಂತೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಅದರಿಂದ ಬೂಟ್ ಆಗುತ್ತದೆಂದು ಕಾಯುವುದು. ಪೆನ್‌ಡ್ರೈವ್ ತೆರೆದಾಗ ಒಂದೇ ಒಂದು ದೊಡ್ಡ ಐಎಸ್‌ಒ ಕಡತ ಕಾಣಿಸಿದರೆ ಆಗಿರುವುದು ಇದೇ. ಐಎಸ್‌ಒ ಕಡತದಿಂದ ನೇರವಾಗಿ ಬೂಟ್ ಮಾಡಿಸುವ ವೆಂಟಾಯ್ ತಂತ್ರಾಂಶ ಹಾಕಿರುವ ಪೆನ್‌ಡ್ರೈವ್‌ಗೆ ಮಾತ್ರ ಹೀಗೆ ಕಾಪಿ ಮಾಡಿದರೆ ಸಾಕು. ಉಳಿದಂತೆ ರೂಫಸ್, ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಅಥವಾ ಅಂಥದ್ದೇ ತಂತ್ರಾಂಶದ ಮೂಲಕವೇ ಬರೆಯಬೇಕು.

ಇದಕ್ಕಿಂತ ಸೂಕ್ಷ್ಮವಾದ ದೋಷ ವಿಂಡೋಸ್ ಪೆನ್‌ಡ್ರೈವ್‌ಗಳಲ್ಲಿ ಬರುತ್ತದೆ, ಮತ್ತು ಅದನ್ನು ಅರ್ಥ ಮಾಡಿಕೊಳ್ಳಲು ಕಾರಣ ತಿಳಿದಿರಬೇಕು. ಯುಇಎಫ್‌ಐ ಮಾನದಂಡದ ಪ್ರಕಾರ ಕಂಪ್ಯೂಟರಿನ ಫರ್ಮ್‌ವೇರ್ (ಮದರ್‌ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಫ್ಯಾಟ್ ಮಾದರಿಯ ಕಡತ ವ್ಯವಸ್ಥೆಯನ್ನು ಓದಲೇಬೇಕು. ವಿಂಡೋಸಿನ ಇನ್ನೊಂದು ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಓದಬೇಕೆಂಬ ಕಡ್ಡಾಯವಿಲ್ಲ, ಅನೇಕ ಯಂತ್ರಗಳು ಓದುವುದೂ ಇಲ್ಲ. ಆದ್ದರಿಂದ ಪೆನ್‌ಡ್ರೈವನ್ನು ಫ್ಯಾಟ್ 32 ಆಗಿ ಫಾರ್ಮ್ಯಾಟ್ ಮಾಡುವುದು ಸುರಕ್ಷಿತ. ಆದರೆ ಫ್ಯಾಟ್ 32ರಲ್ಲಿ ಒಂದು ಕಡತ 4,29,49,67,295 ಬೈಟ್ ಮೀರುವಂತಿಲ್ಲ, ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಈಚಿನ ವಿಂಡೋಸ್ ಐಎಸ್‌ಒ ಒಳಗೆ ‘ಸೋರ್ಸಸ್’ ಫೋಲ್ಡರಿನಲ್ಲಿರುವ ‘ಇನ್‌ಸ್ಟಾಲ್ ಡಾಟ್ ವಿಮ್’ ಎಂಬ ಕಡತವೊಂದೇ ಈ ಗಡಿಯನ್ನು ದಾಟುತ್ತದೆ. ಕೈಯಿಂದ ಕಾಪಿ ಮಾಡಿದವರಿಗೆ ಆ ಒಂದು ಕಡತ ಹೋಗಿರುವುದಿಲ್ಲ. ಪೆನ್‌ಡ್ರೈವ್ ಬೂಟ್ ಆಗುತ್ತದೆ, ಭಾಷೆ ಕೇಳುವ ಪರದೆಯೂ ಬರುತ್ತದೆ, ಆಮೇಲೆ ಮಾತ್ರ ಇನ್‌ಸ್ಟಾಲ್ ನಿಂತುಹೋಗುತ್ತದೆ. ಎನ್‌ಟಿಎಫ್‌ಎಸ್ ಆಗಿ ಫಾರ್ಮ್ಯಾಟ್ ಮಾಡಿ ಕೈಯಿಂದ ಕಾಪಿ ಮಾಡಿದವರಿಗೆ ಎಲ್ಲ ಕಡತಗಳೂ ಸರಿಯಾಗಿರುತ್ತವೆ, ಆದರೆ ಎನ್‌ಟಿಎಫ್‌ಎಸ್ ಓದದ ಯಂತ್ರಗಳ ಬೂಟ್ ಮೆನುವಿನಲ್ಲಿ (ಯಾವುದರಿಂದ ಬೂಟ್ ಆಗಬೇಕೆಂದು ಕೇಳುವ ಪಟ್ಟಿಯಲ್ಲಿ) ಪೆನ್‌ಡ್ರೈವ್‌ನ ಹೆಸರೇ ಕಾಣುವುದಿಲ್ಲ. ಹೊರನೋಟಕ್ಕೆ ಸಂಬಂಧವೇ ಇಲ್ಲದಂತೆ ಕಾಣುವ ಈ ಎರಡು ಲಕ್ಷಣಗಳ ಹಿಂದಿರುವುದು ಒಂದೇ ಗಡಿ.

ಪರಿಹಾರ ಮೂರು ಬಗೆ. ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿದರೆ ಅದು ಇನ್ನೂ ಹೆಚ್ಚು ಒತ್ತಿ ಚಿಕ್ಕದಾಗಿಸಿದ ‘ಇನ್‌ಸ್ಟಾಲ್ ಡಾಟ್ ಇಎಸ್‌ಡಿ’ ಕಡತವನ್ನು ಇಡುವುದರಿಂದ ತೊಂದರೆಯೇ ಬರುವುದಿಲ್ಲ. ಅದಕ್ಕೆ ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಬೇಕು. ರೂಫಸ್ ಬಳಸಿದರೆ ಅದು ದೊಡ್ಡ ಭಾಗವನ್ನು ಎನ್‌ಟಿಎಫ್‌ಎಸ್ ಆಗಿಟ್ಟು, ಅದನ್ನು ಓದಲು ಬೇಕಾದ ಚಿಕ್ಕ ಚಾಲಕ ತಂತ್ರಾಂಶ (ಡ್ರೈವರ್) ಇರುವ ಫ್ಯಾಟ್ ಭಾಗವೊಂದನ್ನು ಪಕ್ಕದಲ್ಲಿ ಮಾಡುತ್ತದೆ. ಇವೆರಡೂ ಸಿಗದ ಕಡೆ ವಿಂಡೋಸಿನಲ್ಲೇ ಇರುವ ‘ಡಿಸ್ಮ್’ ಆದೇಶದಿಂದ ದೊಡ್ಡ ಕಡತವನ್ನು 4 ಜಿಬಿಗಿಂತ ಚಿಕ್ಕದಾದ ತುಂಡುಗಳಾಗಿ ಒಡೆದು ಫ್ಯಾಟ್ 32 ಪೆನ್‌ಡ್ರೈವ್‌ನಲ್ಲಿ ಇಡಬಹುದು, ಇನ್‌ಸ್ಟಾಲರ್ ಆ ತುಂಡುಗಳನ್ನು ತಾನೇ ಗುರುತಿಸುತ್ತದೆ. ನನ್ನ ಮಟ್ಟಿಗೆ ಒಂದೇ ಯಂತ್ರಕ್ಕಾದರೆ ಮೊದಲನೆಯದು ಒಳ್ಳೆಯದು, ಬೇರೆ ಬೇರೆ ಕಾಲದ ಯಂತ್ರಗಳಿರುವ ಶಾಲೆಗಳಿಗೆ ರೂಫಸ್ ಹೆಚ್ಚು ಅನುಕೂಲ.

ಲಿನಕ್ಸಿನ ಐಎಸ್‌ಒಗಳಲ್ಲಿ ಹೆಚ್ಚಿನವನ್ನು ಇದ್ದ ಹಾಗೆಯೇ ಪೆನ್‌ಡ್ರೈವ್‌ನ ಮೊದಲ ಬೈಟಿನಿಂದ ಬರೆಯಬಹುದು. ರೂಫಸ್ ‘ಐಎಸ್‌ಒ’ ಮತ್ತು ‘ಡಿಡಿ’ ಎಂಬ ಎರಡು ವಿಧಾನಗಳಲ್ಲಿ ಯಾವುದು ಬೇಕೆಂದು ಕೇಳಿದಾಗ ಮೊದಲನೆಯದು ಫಲಿಸದಿದ್ದರೆ ಎರಡನೆಯದನ್ನು ಆರಿಸಬೇಕು. ಬರೆಯುವ ಪ್ರಗತಿ ತೋರಿಸುವ ಪಟ್ಟಿ ಶೇ. 100 ತಲುಪಿದೊಡನೆ ಪೆನ್‌ಡ್ರೈವ್ ಎಳೆಯಬಾರದು. ಲಿನಕ್ಸಿನಲ್ಲಿ ಮಾಹಿತಿ ಇನ್ನೂ ಮೆಮೊರಿಯಲ್ಲಿ ಉಳಿದಿದ್ದು ನಿಧಾನವಾಗಿ ಪೆನ್‌ಡ್ರೈವ್‌ಗೆ ಇಳಿಯುತ್ತಿರಬಹುದು. ‘ಸಿಂಕ್’ ಆದೇಶ ಕೊಟ್ಟು ಅದು ಮುಗಿಯುವ ತನಕ ಕಾಯಬೇಕು. ಕರೆಂಟು ಕೈಕೊಡುವ ಊರುಗಳಲ್ಲಿ ಈ ಕೆಲಸವನ್ನು ಡೆಸ್ಕ್‌ಟಾಪ್‌ಗಿಂತ ಬ್ಯಾಟರಿ ಇರುವ ಲ್ಯಾಪ್‌ಟಾಪ್‌ನಲ್ಲಿ ಮಾಡುವುದು ಲೇಸು.

ಪೆನ್‌ಡ್ರೈವ್ ಮತ್ತು ಪೋರ್ಟ್

ಮಲ್ಪೆ ಬಂದರಿನ ಸಮೀಪದ ಕಚೇರಿಯೊಂದರ ಡೆಸ್ಕ್‌ಟಾಪಿನಲ್ಲಿ ಪೆನ್‌ಡ್ರೈವ್‌ನ ದೀಪ ಉರಿಯುತ್ತಿತ್ತು, ಆದರೆ ಬೂಟ್ ಮೆನುವಿನಲ್ಲಿ ಅದರ ಹೆಸರು ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಮೊಬೈಲಿನ ಟಾರ್ಚ್ ಹಿಡಿದು ಮುಂಭಾಗದ ಯುಎಸ್‌ಬಿ ಪೋರ್ಟಿನೊಳಗೆ ನೋಡಿದಾಗ ನಾಲ್ಕು ಹಿತ್ತಾಳೆ ಪಟ್ಟಿಗಳಲ್ಲಿ ನಡುವಿನ ಎರಡರ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಯುಎಸ್‌ಬಿ 2ರ ಪೋರ್ಟಿನಲ್ಲಿ ಹೊರಗಿನ ಎರಡು ಪಟ್ಟಿಗಳು ವಿದ್ಯುತ್ತಿಗೆ, ನಡುವಿನ ಎರಡು ಮಾಹಿತಿಗೆ. ಆದ್ದರಿಂದಲೇ ದೀಪ ಉರಿದರೂ ಮಾಹಿತಿ ಹರಿಯುತ್ತಿರಲಿಲ್ಲ. ಅದೇ ಪೆನ್‌ಡ್ರೈವನ್ನು ಹಿಂಭಾಗದಲ್ಲಿ ಮದರ್‌ಬೋರ್ಡಿಗೆ ನೇರವಾಗಿ ಬೆಸೆದಿರುವ ಪೋರ್ಟಿಗೆ ಹಾಕಿದಾಗ ಕೂಡಲೇ ಬೂಟ್ ಆಯಿತು. ಉಪ್ಪಿನ ಗಾಳಿ ಮತ್ತು ಮಳೆಗಾಲದ ತೇವ ಎರಡೂ ಇರುವ ನಮ್ಮ ಕಡೆ ದೀಪವನ್ನು ನಂಬಿ ಪೋರ್ಟ್ ಸರಿಯಿದೆಯೆಂದು ತೀರ್ಮಾನಿಸುವಂತಿಲ್ಲ. ಡೆಸ್ಕ್‌ಟಾಪ್ ಆದರೆ ಯಾವಾಗಲೂ ಹಿಂದಿನ ಪೋರ್ಟಿನಲ್ಲಿ, ಯುಎಸ್‌ಬಿ ಹಬ್ ಇಲ್ಲದೆ ಪರೀಕ್ಷಿಸಬೇಕು.

ಪೆನ್‌ಡ್ರೈವ್ ತಾನೇ ಸುಳ್ಳು ಹೇಳುವುದೂ ಉಂಟು. 64 ಜಿಬಿ ಎಂದು ಬರೆದಿದ್ದರೂ ಒಳಗೆ ಅದಕ್ಕಿಂತ ತೀರಾ ಕಡಿಮೆ ಜಾಗವಿದ್ದು, ಮೀರಿದ ಮಾಹಿತಿಯನ್ನು ಬರೆದಂತೆ ನಟಿಸಿ ಕಳೆದುಬಿಡುವ ನಕಲಿ ಪೆನ್‌ಡ್ರೈವ್‌ಗಳು ಮಾರಾಟದಲ್ಲಿವೆ. ಇವುಗಳಿಂದ ಬೂಟ್ ಆಗಬಹುದು, ಏಕೆಂದರೆ ಮೊದಲ ಭಾಗ ಸರಿಯಾಗಿಯೇ ಇರುತ್ತದೆ. ಕಡತಗಳನ್ನು ಕಾಪಿ ಮಾಡುವಾಗ ಪ್ರತಿ ಬಾರಿಯೂ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ. ವಿಂಡೋಸಿನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’, ಲಿನಕ್ಸಿನಲ್ಲಿ ‘ಎಫ್3’ ಎಂಬ ತಂತ್ರಾಂಶಗಳು ಇಡೀ ಪೆನ್‌ಡ್ರೈವ್ ತುಂಬಿಸಿ ಮರಳಿ ಓದಿ ನಿಜವಾದ ಗಾತ್ರ ಹೇಳುತ್ತವೆ.

ಕಂಪ್ಯೂಟರ್ ಪೆನ್‌ಡ್ರೈವನ್ನು ಕಡೆಗಣಿಸಿದರೆ

ಪೆನ್‌ಡ್ರೈವ್ ಬೇರೆ ಯಂತ್ರದಲ್ಲಿ ಬೂಟ್ ಆಗುತ್ತದೆ, ಇದರಲ್ಲಿ ಮಾತ್ರ ನೇರವಾಗಿ ಹಳೆಯ ವಿಂಡೋಸ್ ತೆರೆದುಕೊಳ್ಳುತ್ತದೆ ಎಂದಾದರೆ ಬೂಟ್ ಮೆನುವಿನಿಂದ ಆರಂಭಿಸಬೇಕು. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಕೀಲಿ ಈ ಮೆನುವನ್ನು ತೆರೆಯುತ್ತದೆ. ಏಸರ್‌ನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್12 ಕೆಲಸ ಮಾಡಬೇಕಾದರೆ ಮೊದಲು ಬಯಾಸ್‌ನಲ್ಲಿ ಅದನ್ನು ಸಕ್ರಿಯಗೊಳಿಸಬೇಕು. ಕೀಲಿ ಒತ್ತಿದರೂ ಸ್ಪಂದಿಸದಿದ್ದರೆ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಕಾರಣವಿರಬಹುದು: ಶಟ್‌ಡೌನ್ ಮಾಡಿದಾಗ ಯಂತ್ರ ಪೂರ್ತಿ ಆರಿರುವುದಿಲ್ಲ. ಶಿಫ್ಟ್ ಕೀಲಿ ಒತ್ತಿ ಹಿಡಿದು ರಿಸ್ಟಾರ್ಟ್ ಆಯ್ದರೆ ಬರುವ ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಮೂಲಕ ಪೆನ್‌ಡ್ರೈವನ್ನು ಆರಿಸಬಹುದು. ಬದಲಿಸಿದ ಬೂಟ್ ಕ್ರಮ ಮರುದಿನ ಮರೆತುಹೋಗುತ್ತಿದ್ದು ಗಡಿಯಾರವೂ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಬದಲಿಸುವ ಕಾಲ ಬಂದಿದೆ.

ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಿದರೆ ಗಾಬರಿಯಾಗಬೇಕಿಲ್ಲ. ‘ಯುಇಎಫ್‌ಐ’ ಎಂಬ ಪೂರ್ವಪದವಿರುವುದು ಒಂದು ವಿಧಾನ, ಇಲ್ಲದಿರುವುದು ಲೆಗಸಿ ವಿಧಾನ. ಇಲ್ಲಿ ತಪ್ಪು ಆರಿಸಿದ ಪರಿಣಾಮ ಬಹಳ ಹೊತ್ತಿನ ಮೇಲೆ, ಡಿಸ್ಕ್ ಆರಿಸುವ ಪರದೆಯಲ್ಲಿ, ‘ಈ ಡಿಸ್ಕಿನಲ್ಲಿ ವಿಂಡೋಸ್ ಹಾಕಲಾಗದು’ ಎಂಬ ಅರ್ಥದ ಸಂದೇಶವಾಗಿ ಬರುತ್ತದೆ. ಯುಇಎಫ್‌ಐ ವಿಧಾನದಲ್ಲಿ ಬೂಟ್ ಆದ ಇನ್‌ಸ್ಟಾಲರ್ ಜಿಪಿಟಿ ಡಿಸ್ಕನ್ನೇ ಕೇಳುತ್ತದೆ, ಲೆಗಸಿಯಲ್ಲಿ ಬೂಟ್ ಆದದ್ದು ಹಳೆಯ ವಿಭಜನಾ ಕ್ರಮದ ಎಂಬಿಆರ್ ಡಿಸ್ಕನ್ನು. ಆ ಸಂದೇಶ ಕಂಡು ಕೂಡಲೇ ಡಿಸ್ಕ್ ಅಳಿಸಲು ಹೋಗದೆ, ಮರಳಿ ಬೂಟ್ ಮೆನುವಿಗೆ ಬಂದು ಇನ್ನೊಂದು ನಮೂದನ್ನು ಆರಿಸಿ ನೋಡಬೇಕು. ಡಿಸ್ಕಿನಲ್ಲಿ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ವರ್ಷಗಳ ಪತ್ರಗಳಿರುವ ಕಚೇರಿಗಳಲ್ಲಿ ಈ ಎಚ್ಚರ ಬಹಳ ಮುಖ್ಯ. ಆ ಕಡತಗಳ ಜೊತೆಗೆ ಅವುಗಳ ಫಾಂಟುಗಳನ್ನೂ ಬೇರೆಡೆ ಕಾಪಿ ಮಾಡಿ, ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿಯೇ ಮುಂದಿನ ಹೆಜ್ಜೆ ಇಡಬೇಕು.

ಸೆಕ್ಯೂರ್ ಬೂಟ್ ತಡೆದರೆ

ನಂಬಲರ್ಹ ಡಿಜಿಟಲ್ ಸಹಿ ಇರುವ ತಂತ್ರಾಂಶವನ್ನು ಮಾತ್ರ ಬೂಟ್ ಆಗಲು ಬಿಡುವ ಯುಇಎಫ್‌ಐ ವ್ಯವಸ್ಥೆಯೇ ಸೆಕ್ಯೂರ್ ಬೂಟ್. ‘ಸೆಕ್ಯೂರ್ ಬೂಟ್ ವಯೊಲೇಶನ್’ ಅಥವಾ ‘ಸೆಕ್ಯುರಿಟಿ ಪಾಲಿಸಿ’ ಎಂಬ ಪದಗಳಿರುವ ಸಂದೇಶ ಬಂದರೆ ಪೆನ್‌ಡ್ರೈವ್ ಓದಲು ಸಾಧ್ಯವಾಗಿದೆ, ಅದರ ಬೂಟ್‌ಲೋಡರಿನ (ಬೂಟ್ ಆರಂಭಿಸುವ ತಂತ್ರಾಂಶದ) ಡಿಜಿಟಲ್ ಸಹಿಯನ್ನು ಫರ್ಮ್‌ವೇರ್ ಒಪ್ಪಿಲ್ಲ ಎಂದರ್ಥ. ಉಬುಂಟು, ಫೆಡೋರಾ ಮತ್ತು 2019ರ ಡೆಬಿಯನ್ 10ರಿಂದೀಚಿನ ಆವೃತ್ತಿಗಳು ಸಹಿ ಹೊಂದಿವೆ. ಆರ್ಚ್ ಲಿನಕ್ಸಿನ ಅಧಿಕೃತ ಐಎಸ್‌ಒ ಹೊಂದಿಲ್ಲ. ಸಹಿ ಇದ್ದರೂ ಹಳೆಯ ಬೂಟ್‌ಲೋಡರುಗಳನ್ನು ಕಾಲಕಾಲಕ್ಕೆ ರದ್ದುಪಡಿಸಲಾಗುತ್ತದೆ. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟಿನ ನಂತರ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದ ಹಲವು ಯಂತ್ರಗಳಲ್ಲಿ ಲಿನಕ್ಸ್ ಬೂಟ್ ಆಗದೇ ಹೋದದ್ದು ಇಂಥ ಕಾರಣಕ್ಕೇ. ಆದ್ದರಿಂದ ಮೊದಲ ಪರಿಹಾರ ಹೊಸ ಐಎಸ್‌ಒ ಇಳಿಸಿಕೊಳ್ಳುವುದು. ಸೆಕ್ಯೂರ್ ಬೂಟ್ ನಿಷ್ಕ್ರಿಯಗೊಳಿಸುವುದು ಕೊನೆಯ ಉಪಾಯವಾಗಿರಬೇಕು.

ಅದನ್ನು ನಿಷ್ಕ್ರಿಯಗೊಳಿಸಲೇಬೇಕಾದರೆ ಅದಕ್ಕೂ ಮೊದಲು ವಿಂಡೋಸಿನ ಡಿಸ್ಕ್ ಗೂಢಲಿಪೀಕರಣ ವ್ಯವಸ್ಥೆಯಾದ ಬಿಟ್‌ಲಾಕರ್ ಇದೆಯೇ ಎಂದು ನೋಡಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಅರಿವಿಲ್ಲದೆಯೇ ಡಿಸ್ಕ್ ಗೂಢಲಿಪೀಕರಣ ಚಾಲೂ ಆಗಿರುವುದುಂಟು. ಸೆಕ್ಯೂರ್ ಬೂಟ್ ಬದಲಾದೊಡನೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಆ ವ್ಯಕ್ತಿಯ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕೀ ಸಿಗದಿದ್ದರೆ ಡಿಸ್ಕಿನ ಮಾಹಿತಿ ತೆರೆಯಲು ಬೇರೆ ದಾರಿಯಿಲ್ಲ. ಗ್ರಾಹಕರ ಅಥವಾ ಸಹೋದ್ಯೋಗಿಗಳ ಯಂತ್ರಕ್ಕೆ ಕೈಹಾಕುವವರು ಆ ಕೀಯನ್ನು ಅವರಿಂದಲೇ ತೆಗೆಸಿ ಕಾಗದದಲ್ಲಿ ಬರೆಸಿಟ್ಟುಕೊಳ್ಳದೆ ಬಯಾಸ್ ಮುಟ್ಟಬಾರದು.

ಇನ್‌ಸ್ಟಾಲರ್ ತೆರೆದ ಮೇಲೆ ನಿಂತರೆ

ವಿಂಡೋಸ್ ಇನ್‌ಸ್ಟಾಲರ್ ‘ಮೀಡಿಯಾ ಡ್ರೈವರ್ ಇಲ್ಲ’ ಎಂದು ಹೇಳುವ ಸಂದೇಶ ಅನೇಕರನ್ನು ಚಾಲಕ ತಂತ್ರಾಂಶದ ಹುಡುಕಾಟಕ್ಕೆ ಅಟ್ಟುತ್ತದೆ. ವಾಸ್ತವದಲ್ಲಿ ಪೆನ್‌ಡ್ರೈವ್‌ನಿಂದ ಬೂಟ್ ಆದ ಇನ್‌ಸ್ಟಾಲರ್ ಅದೇ ಪೆನ್‌ಡ್ರೈವನ್ನು ಮತ್ತೆ ಓದಲು ಹೋದಾಗ ಅದು ಸಿಗಲಿಲ್ಲ ಎಂಬುದೇ ಹೆಚ್ಚಿನ ಸಂದರ್ಭಗಳಲ್ಲಿ ಅದರ ಅರ್ಥ: ಕಡತ ಕೆಟ್ಟಿರಬಹುದು, ಪೋರ್ಟ್ ಸಡಿಲವಿರಬಹುದು. ಪೆನ್‌ಡ್ರೈವನ್ನು ಬೇರೆ ಪೋರ್ಟಿಗೆ, ಸಾಧ್ಯವಾದರೆ ಯುಎಸ್‌ಬಿ 2 ಪೋರ್ಟಿಗೆ, ಬದಲಿಸಿ ನೋಡಬೇಕು. ವಿಂಡೋಸ್ 7ರ ಮೂಲ ಐಎಸ್‌ಒದಲ್ಲಿ ಮಾತ್ರ ಯುಎಸ್‌ಬಿ 3ರ ಚಾಲಕ ನಿಜವಾಗಿಯೂ ಇಲ್ಲ.

ಡಿಸ್ಕುಗಳ ಪಟ್ಟಿಯೇ ಖಾಲಿ ಕಂಡರೆ ಚಾಲಕದ ಕೊರತೆ ನಿಜವಿರಬಹುದು. ಇಂಟೆಲ್‌ನ 11ನೇ ಪೀಳಿಗೆಯಿಂದೀಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ‘ವಿಎಂಡಿ’ ಎಂಬ ವ್ಯವಸ್ಥೆಯ ಹಿಂದೆ ಇರುತ್ತದೆ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಚಾಲಕವನ್ನು ಇಳಿಸಿ, ಬಿಡಿಸಿದ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿಟ್ಟು, ‘ಲೋಡ್ ಡ್ರೈವರ್’ ಮೂಲಕ ತೋರಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಬಯಾಸ್‌ನಲ್ಲಿ ವಿಎಂಡಿ ನಿಷ್ಕ್ರಿಯಗೊಳಿಸಿದರೂ ಡಿಸ್ಕ್ ಕಾಣುತ್ತದೆ, ಆದರೆ ಆಗ ಅದರಲ್ಲಿರುವ ಹಳೆಯ ವಿಂಡೋಸ್ ತೆರೆಯದೇ ಹೋಗಬಹುದು. ಹಳೆಯದನ್ನು ಉಳಿಸಿಕೊಳ್ಳುವವರು ಆ ದಾರಿ ಹಿಡಿಯಬಾರದು.

ಕಾಪಿ ಮಾಡುವಾಗ ನಿಲ್ಲುವ ದೋಷದಲ್ಲಿ ನಿಲ್ಲುವ ಜಾಗವನ್ನು ಗಮನಿಸಬೇಕು. ಪ್ರತಿ ಸಲ ಒಂದೇ ಕಡೆ ನಿಂತರೆ ಸಂಶಯ ಪೆನ್‌ಡ್ರೈವ್ ಅಥವಾ ಐಎಸ್‌ಒ ಮೇಲೆ. ಒಮ್ಮೆ ಆರಂಭದಲ್ಲಿ, ಒಮ್ಮೆ ಕೊನೆಯಲ್ಲಿ, ಒಮ್ಮೆ ಬೇರೆಯದೇ ಸಂದೇಶದೊಂದಿಗೆ ನಿಂತರೆ ಕಂಪ್ಯೂಟರಿನ ರ‍್ಯಾಮ್ ಮೇಲೆ. ಎರಡನೆಯ ಸಂದರ್ಭದಲ್ಲಿ ‘ಮೆಮ್‌ಟೆಸ್ಟ್’ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ ನೋಡಬೇಕು, ಅಥವಾ ಎರಡು ರ‍್ಯಾಮ್ ಪಟ್ಟಿಗಳಿದ್ದರೆ ಒಂದೊಂದನ್ನೇ ಬಿಟ್ಟು ಪರೀಕ್ಷಿಸಬೇಕು. ‘ಈ ಪಿಸಿಯಲ್ಲಿ ವಿಂಡೋಸ್ 11 ಓಡದು’ ಎಂಬ ಸಂದೇಶವಾದರೆ ಅದು ಪೆನ್‌ಡ್ರೈವ್‌ನ ದೋಷವೇ ಅಲ್ಲ: ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಯುಇಎಫ್‌ಐ ಸೆಕ್ಯೂರ್ ಬೂಟ್ ಸಾಮರ್ಥ್ಯ, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಮತ್ತು ಬೆಂಬಲಿತ ಪ್ರೊಸೆಸರ್ ಅದಕ್ಕೆ ಬೇಕು. ಟಿಪಿಎಂ ಇದ್ದೂ ಬಯಾಸ್‌ನಲ್ಲಿ ಆರಿರುವ ಯಂತ್ರಗಳಿವೆ, ಅದನ್ನೊಮ್ಮೆ ನೋಡಬೇಕು. ನಿಜವಾಗಿಯೂ ಇಲ್ಲದ ಯಂತ್ರಗಳಿಗೆ, ಶಾಲೆಯ ಬಳಕೆಗಾದರೆ, ಹಗುರವಾದ ಲಿನಕ್ಸ್ ಹಾಕುವುದೇ ಪ್ರಾಮಾಣಿಕ ಪರಿಹಾರವೆಂದು ನನ್ನ ಅಭಿಪ್ರಾಯ.

ಎಲ್ಲ ಮುಗಿದು ಯಂತ್ರ ರಿಸ್ಟಾರ್ಟ್ ಆದಾಗ ಮತ್ತೆ ಮೊದಲ ಪರದೆಯೇ ಬಂದರೆ ಇನ್‌ಸ್ಟಾಲ್ ವಿಫಲವಾಯಿತೆಂದು ಪುನಃ ಆರಂಭಿಸಬಾರದು. ಪೆನ್‌ಡ್ರೈವ್ ಇನ್ನೂ ಚುಚ್ಚಿಕೊಂಡೇ ಇದ್ದು ಬೂಟ್ ಕ್ರಮದಲ್ಲಿ ಮೊದಲಿದೆ. ಅದನ್ನು ತೆಗೆದು ಇನ್ನೊಮ್ಮೆ ರಿಸ್ಟಾರ್ಟ್ ಮಾಡಬೇಕು. ಕೆಲಸದ ನಂತರ ಪೆನ್‌ಡ್ರೈವ್ ವಿಂಡೋಸಿನಲ್ಲಿ ಕೆಲವೇ ಎಂಬಿ ಗಾತ್ರದ್ದಾಗಿ ಕಂಡರೂ ಅದು ಹಾಳಾಗಿಲ್ಲ, ಲಿನಕ್ಸ್ ಐಎಸ್‌ಒದ ವಿಭಜನೆಗಳು ಉಳಿದಿವೆ, ಅಷ್ಟೆ. ವಿಂಡೋಸಿನಲ್ಲೇ ಇರುವ ‘ಡಿಸ್ಕ್‌ಪಾರ್ಟ್’ ತೆರೆದು ಆ ಡಿಸ್ಕ್ ಆರಿಸಿ ‘ಕ್ಲೀನ್’ ಆದೇಶ ಕೊಟ್ಟು ಹೊಸದಾಗಿ ಫಾರ್ಮ್ಯಾಟ್ ಮಾಡಿದರೆ ಪೂರ್ತಿ ಜಾಗ ಮರಳುತ್ತದೆ. ‘ಕ್ಲೀನ್’ ಆದೇಶ ಇನ್ನೊಮ್ಮೆ ಕೇಳದೆಯೇ ಅಳಿಸುವುದರಿಂದ, ಅದಕ್ಕೆ ಮೊದಲು ‘ಲಿಸ್ಟ್ ಡಿಸ್ಕ್’ ಕೊಟ್ಟು ಗಾತ್ರ ನೋಡಿ, ಪೆನ್‌ಡ್ರೈವ್ ಕಿತ್ತು ಮತ್ತೊಮ್ಮೆ ಅದೇ ಆದೇಶ ಕೊಟ್ಟು, ಪಟ್ಟಿಯಿಂದ ಮಾಯವಾದ ಸಂಖ್ಯೆ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಮರಳಿ ಚುಚ್ಚಿದ ಮೇಲೆ ಸಂಖ್ಯೆ ಬದಲಾಗಿಲ್ಲವೆಂದು ನೋಡಿ ಆನಂತರವೇ ಆದೇಶ ಕೊಡಬೇಕು.